ಕರಾಟೆ ದೊಡ್ಡದೋ ಕುಸ್ತಿ ದೊಡ್ಡದೋ ಅನ್ನುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಸಮರ ಕಲೆಗಳಿಗೆಲ್ಲ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಕೊನೆಗೆ ಒಂದನ್ನು ಎಲ್ಲಕ್ಕಿಂತ ಶ್ರೇಷ್ಠ ಎಂದು ತೀರ್ಪು ಕೊಟ್ಟ ಲೇಖನ ಓದಿದೆ. ಆಮೇಲೆ ಬಂದ ಪತ್ರಗಳನ್ನೂ ಓದಿದೆ. ಕರಾಟೆಯವರಿಗೆ ತಮಗೆ ಕಮ್ಮಿ ಅಂಕ ಬಂತು ಅಂತ ಸಿಟ್ಟು. ಬಾಕ್ಸಿಂಗ್‌ನವರಿಗೆ ಟೇಕ್ವಾಂಡೋಗೆ ಅಷ್ಟು ಯಾಕೆ ಅಂತ ಸಿಟ್ಟು. ಒಬ್ಬರಂತೂ ತಮ್ಮ ಗುರುಗಳ ವಿದ್ಯೆ ಎಷ್ಟು ಅಪಾಯದ್ದು ಅಂದರೆ ಸ್ಪರ್ಧೆಗೆ ಇಳಿದರೆ ಎದುರಾಳಿ ಜೀವಂತ ಉಳಿಯುವುದಿಲ್ಲ, ಅದಕ್ಕೇ ಇಳಿಯುವುದಿಲ್ಲ ಅಂತ ಬರೆದಿದ್ದಾರೆ. ಈ ಕೊನೆಯ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಜೂಡೋ ಕಲಿತವನು, ಆಮೇಲೆ ಬಾಕ್ಸಿಂಗ್‌ಗೂ ಹೋದವನು. ನನ್ನ ಮಾತು ಸ್ವಲ್ಪ ಆ ಕಡೆ ವಾಲಿರುತ್ತದೆ. ಅಷ್ಟನ್ನು ಕಳೆದು ಓದಿಕೊಳ್ಳಿ.

ಯಾವ ಕಲೆ ದೊಡ್ಡದು ಅನ್ನುವ ವಾದವನ್ನು ಬಾಯಿಮಾತಿಗೆ ಬಿಡದೆ ಕಣದಲ್ಲೇ ನೋಡಿಬಿಡೋಣ ಅಂತ ಒಂದು ಸಲ ನಿಜವಾಗಿಯೂ ಮಾಡಿದರು. 1993ರ ನವೆಂಬರ್ 12, ಅಮೆರಿಕದ ಡೆನ್ವರ್, ಬೇರೆ ಬೇರೆ ಕಲೆಯವರು ಒಂದೇ ಕಣದಲ್ಲಿ ಸೆಣಸುವ ಯುಎಫ್‌ಸಿ ಪಂದ್ಯಾವಳಿಯ ಮೊದಲ ಆವೃತ್ತಿ. ಎಂಟು ಜನ, ಎಂಟು ಮೂಲೆಯ ಬೇಲಿ, ಎಲ್ಲ ಪಂದ್ಯವೂ ಒಂದೇ ರಾತ್ರಿ. ತೂಕದ ವಿಭಾಗ ಇಲ್ಲ. ಅಂಕ ಹಾಕುವವರಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು, ಹೆಚ್ಚುಕಮ್ಮಿ ಅಷ್ಟೇ ನಿಯಮ. ಮೊದಲ ಪಂದ್ಯದಲ್ಲಿ 180 ಕಿಲೋ ದಾಟಿದ ಸುಮೋ ಪೈಲ್ವಾನ್ ಟೈಲಾ ಟುಲಿ, ಸವಾಟ್ ಅನ್ನುವ ಫ್ರೆಂಚ್ ಕಿಕ್‌ಬಾಕ್ಸಿಂಗ್ ಆಡುವ ನೆದರ್‌ಲೆಂಡ್ಸ್‌ನ ಜೆರಾರ್ಡ್ ಗೋರ್ಡೋ ಮೇಲೆ ನುಗ್ಗಿದ, ಆಯತಪ್ಪಿ ಬೇಲಿ ಪಕ್ಕ ಕುಸಿದ, ಎದ್ದೇಳುವ ಮುಂಚೆ ಮುಖಕ್ಕೆ ಒದೆ ಬಿತ್ತು, ಹಲ್ಲು ಹಾರಿತು. ಅರ್ಧ ನಿಮಿಷವೂ ಆಗಿರಲಿಲ್ಲ.

ರಾತ್ರಿ ಮುಗಿಯುವ ಹೊತ್ತಿಗೆ ಗೆದ್ದವನು ಸುಮಾರು 80 ಕಿಲೋದ ರಾಯ್ಸ್ ಗ್ರೇಸಿ. ನೆಲಕ್ಕೆ ಕೆಡವಿ ಪಟ್ಟು ಹಾಕುವ ಬ್ರೆಜಿಲಿಯನ್ ಜಿಯು-ಜಿಟ್ಸು ಮನೆತನದ ಹುಡುಗ, ಹೊಡೆದಾಡುವವನ ಹಾಗೆ ಕಾಣುತ್ತಲೂ ಇರಲಿಲ್ಲ. ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದು ಕೈಗೆ ಮಾತ್ರ ಗ್ಲೌಸ್ ಹಾಕಿಕೊಂಡು ಬಂದಿದ್ದ. ರಾಯ್ಸ್ ಕೆಡವಿ ಎದೆ ಮೇಲೆ ಕೂತ ಮೇಲೆ ಏನು ಮಾಡಬೇಕು ಅಂತಲೇ ತಿಳಿಯದೆ ಸೋಲೊಪ್ಪಿದ. ಆಮೇಲೆ ಕೆನ್ ಶ್ಯಾಮ್ರಾಕ್, ಕೊನೆಗೆ ಅದೇ ಗೋರ್ಡೋ. ಇಬ್ಬರ ಕತ್ತೂ ರಾಯ್ಸ್ ಕೈಗೆ ಸಿಕ್ಕಿತು.

ಇಲ್ಲಿಗೆ ಉತ್ತರ ಸಿಕ್ಕಿತು ಅಂತ ಬಹಳ ಜನ ನಂಬಿದರು, ನಿಮ್ಮ ಲೇಖನ ಬರೆದವರೂ ಇದೇ ಜಾಗದಲ್ಲಿ ನಿಂತುಬಿಟ್ಟಿದ್ದಾರೆ. ಆದರೆ ಆ ಸ್ಪರ್ಧೆ ಹುಟ್ಟುಹಾಕಿದವರಲ್ಲಿ ರಾಯ್ಸ್‌ನ ಅಣ್ಣ ರೋರಿಯನ್ ಒಬ್ಬ. ತಮ್ಮ ಮನೆಯ ವಿದ್ಯೆ ಏನು ಅಂತ ಲೋಕಕ್ಕೆ ತೋರಿಸುವುದೂ ಅವರ ಉದ್ದೇಶವಾಗಿತ್ತು. ಮೋಸ ಅಂತ ನಾನು ಹೇಳುತ್ತಿಲ್ಲ, ರಾಯ್ಸ್ ಗೆದ್ದಿದ್ದು ನಿಜ. ಆದರೆ ಅವನಿಗೆ ಎದುರಾಗಿದ್ದವರಲ್ಲಿ ಶ್ಯಾಮ್ರಾಕ್ ಒಬ್ಬನನ್ನು ಬಿಟ್ಟರೆ ನೆಲದ ಮೇಲಿನ ಪಟ್ಟುಗಳ ಪರಿಚಯ ಯಾರಿಗೂ ಇರಲಿಲ್ಲ. ಗೊತ್ತಿಲ್ಲದ ಆಟಕ್ಕೆ ಎಳೆದುಕೊಂಡು ಹೋದವನು ಗೆದ್ದ.

ಗೊತ್ತಾದ ಮೇಲೆ ಏನಾಯಿತು ಅನ್ನುವುದು ಇನ್ನೂ ಮಜವಾಗಿದೆ. 1996ರಲ್ಲಿ ಮಾರ್ಕ್ ಕೋಲ್ಮನ್ ಬಂದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿದವನು. ಎದುರಾಳಿಯನ್ನು ಕೆಡವಿ, ಮೇಲಿಂದ ಒತ್ತಿ ಹಿಡಿದು ಗುದ್ದುವುದೇ ಅವನ ಪಾಠ, ಅದಕ್ಕೆ ಯಾರ ಬಳಿಯೂ ಔಷಧಿ ಇರಲಿಲ್ಲ. 1997ರ ಫೆಬ್ರುವರಿಯಲ್ಲಿ ಹೆವಿವೇಟ್ ಚಾಂಪಿಯನ್ ಆದ. ಸರಿ, ಹಾಗಾದರೆ ಕುಸ್ತಿಯೇ ಶ್ರೇಷ್ಠ ಅಂದರು. ಅದೇ ವರ್ಷ ಜುಲೈನಲ್ಲಿ ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್ ಅವನನ್ನು ಸೋಲಿಸಿದ. ಸ್ಮಿತ್ ಕುಸ್ತಿಯಲ್ಲಿ ಗೆಲ್ಲಲು ಹೋಗಲೇ ಇಲ್ಲ. ಕೆಳಗೆ ಬಿದ್ದಾಗ ಸೋಲದೆ ಉಳಿಯುವಷ್ಟು ಕಲಿತು ಬಂದಿದ್ದ, ಕೋಲ್ಮನ್‌ಗೆ ಉಸಿರು ಕಟ್ಟುವ ತನಕ ಕಾದ, ಆಮೇಲೆ ಎದ್ದು ನಿಂತು ಕಾಲಿಗೆ ಒದೆಯಲು ಶುರುಮಾಡಿದ.

ಕರಾಟೆಯ ಕಾಲ ಮುಗಿಯಿತು ಅಂತ ಎಲ್ಲರೂ ಬರೆದು ಮುಗಿಸಿದ್ದಾಗ 2009ರಲ್ಲಿ ಶೋಟೋಕಾನ್ ಕರಾಟೆಯ ಲಿಯೋಟೋ ಮಚಿಡಾ ಲೈಟ್ ಹೆವಿವೇಟ್ ಚಾಂಪಿಯನ್ ಆದ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದಿದ್ದ ರೊಂಡಾ ರೌಸಿ ಒಬ್ಬೊಬ್ಬರನ್ನೇ ಕೆಡವಿ ತೋಳು ಮುರಿಯುವ ಪಟ್ಟು ಹಾಕಿ ಗೆಲ್ಲುತ್ತಿದ್ದಾಗ ನಮ್ಮ ಜೂಡೋದವರು ಎದೆ ಉಬ್ಬಿಸಿ ಓಡಾಡಿದ್ದೆವು. 2015ರ ನವೆಂಬರ್‌ನಲ್ಲಿ ಬಾಕ್ಸಿಂಗ್ ಹಿನ್ನೆಲೆಯ ಹಾಲಿ ಹೋಮ್ ರೌಸಿಯ ತಲೆಗೆ ಒದ್ದು ಕೆಡವಿದಳು, ನಮ್ಮ ಎದೆ ಮೊದಲಿನ ಅಳತೆಗೆ ಬಂತು.

ಹೀಗೆ ಕಿರೀಟ ಒಂದು ತಲೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದೆ. ಈಗ ಆ ಕಣಕ್ಕೆ ಇಳಿಯುವವರೆಲ್ಲ ಗುದ್ದುವುದು, ಒದೆಯುವುದು, ಕೆಡವುವುದು, ಹಿಡಿಯುವುದು ನಾಲ್ಕನ್ನೂ ಕಲಿತೇ ಬರುತ್ತಾರೆ. ಇಂಥವರ ಪಂದ್ಯ ನೋಡಿ 'ಬಾಕ್ಸಿಂಗ್ ಗೆದ್ದಿತು, ಜೂಡೋ ಸೋತಿತು' ಅನ್ನುವುದರಲ್ಲಿ ಅರ್ಥ ಉಳಿದಿಲ್ಲ.

ಅಷ್ಟೇ ಆಗಿದ್ದರೆ 'ಎಲ್ಲ ಕಲೆಯೂ ಒಳ್ಳೆಯದೇ, ಅವರವರ ಇಷ್ಟ' ಅಂತ ಹೇಳಿ ಪತ್ರ ಮುಗಿಸಬಹುದಿತ್ತು. ಹಾಗೆ ಹೇಳುವವರೂ ಇದ್ದಾರೆ. ಅದು ಶುದ್ಧ ಸುಳ್ಳು. ಎಲ್ಲ ತರಗತಿಯೂ ಒಳ್ಳೆಯದಲ್ಲ. ವ್ಯತ್ಯಾಸ ಇದೆ, ದೊಡ್ಡದಾಗಿಯೇ ಇದೆ, ಆದರೆ ಅದು ಕಲೆಯ ಹೆಸರಿನಲ್ಲಿ ಇಲ್ಲ. ಅಭ್ಯಾಸ ಮಾಡುವ ರೀತಿಯಲ್ಲಿದೆ. ನಿಮ್ಮ ಲೇಖನದ ಕೋಷ್ಟಕದಲ್ಲಿ ವೇಗ, ಬಲ, ಸೊಬಗು, ಶಿಸ್ತು, ಆತ್ಮರಕ್ಷಣೆ ಅಂತೆಲ್ಲ ಕಾಲಂ ಇತ್ತು. ನಿಜವಾಗಿ ಬೇಕಿದ್ದ ಒಂದೇ ಕಾಲಂ ಇರಲಿಲ್ಲ. ಏನು ಅಂದರೆ, ಇಲ್ಲಿ ಕಲಿಯುವವರು ಬಿಟ್ಟುಕೊಡದ ಎದುರಾಳಿಯ ಜೊತೆ ವಾರಕ್ಕೆ ಎಷ್ಟು ಹೊತ್ತು ಸೆಣಸುತ್ತಾರೆ?

ಇದನ್ನು ಮೊದಲು ಸರಿಯಾಗಿ ಅರ್ಥಮಾಡಿಕೊಂಡವರಲ್ಲಿ ಜೂಡೋ ಹುಟ್ಟುಹಾಕಿದ ಕಾನೋ ಜಿಗೋರೋ ಒಬ್ಬರು. 1882ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಟೋಕಿಯೋದ ಒಂದು ಬೌದ್ಧ ದೇಗುಲದಲ್ಲಿ ಹಿಡಿಯಷ್ಟು ಶಿಷ್ಯರ ಜೊತೆ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರುಮಾಡಿದರು. ಜಪಾನಿನ ಬರಿಗೈ ಕಾದಾಟದ ವಿದ್ಯೆಯಾದ ಜುಜುತ್ಸುವಿನ ಹಳೆಯ ಶಾಲೆಗಳಲ್ಲಿ ಬೇಕಾದಷ್ಟು ಅಪಾಯದ ವಿದ್ಯೆ ಇತ್ತು. ಕಾನೋ ಅದರಲ್ಲಿ ಗುದ್ದು, ಒದೆ, ಬೆರಳು ತಿರುಚುವ ಪಟ್ಟು ಇಂಥವನ್ನೆಲ್ಲ ಕಟಾಗೆ ಮಾತ್ರ ಇಟ್ಟರು. ಕಟಾ ಅಂದರೆ ಇಬ್ಬರೂ ಮೊದಲೇ ಮಾತಾಡಿಕೊಂಡು, ಹೆಜ್ಜೆ ತಪ್ಪದೆ ಮಾಡುವ ಅಭ್ಯಾಸ. ಎತ್ತಿ ಒಗೆಯುವುದು, ನೆಲಕ್ಕೆ ಒತ್ತುವುದು, ಕತ್ತು ಹಿಸುಕುವುದು, ಮೊಣಕೈ ಕೀಲಿಗೆ ಪಟ್ಟು ಹಾಕುವುದು ಇವನ್ನು ರಂಡೋರಿಗೆ ಇಟ್ಟರು. ರಂಡೋರಿಯಲ್ಲಿ ಮಾತುಕತೆ ಇಲ್ಲ. ನೀನು ನನ್ನನ್ನು ಕೆಡವಲು ನೋಡುತ್ತೀಯ, ನಾನು ನಿನ್ನನ್ನು. ಪೂರ್ತಿ ಬಲ ಹಾಕಿ. ಸೋಲೊಪ್ಪಬೇಕಾದರೆ ಕೈ ತಟ್ಟಬೇಕು, ತಟ್ಟಿದ ಕೂಡಲೇ ಬಿಡಬೇಕು, ಮತ್ತೆ ಶುರು.

ಇಲ್ಲಿರುವ ವಿಚಿತ್ರ ನೋಡಿ. ಅಪಾಯದ ಪಟ್ಟುಗಳನ್ನು ಪಕ್ಕಕ್ಕಿಟ್ಟಿದ್ದರಿಂದಲೇ ಉಳಿದ ಪಟ್ಟುಗಳನ್ನು ಜೀವಂತ ಮನುಷ್ಯನ ಮೇಲೆ ಸಾವಿರ ಸಲ ಹಾಕಿ ನೋಡಲು ಸಾಧ್ಯವಾಯಿತು. ಕಣ್ಣಿಗೆ ಚುಚ್ಚುವುದನ್ನು, ಗಂಟಲು ಮುರಿಯುವುದನ್ನು ಯಾರೂ ಯಾರ ಮೇಲೂ ನಿಜವಾಗಿ ಮಾಡಿ ಕಲಿಯಲು ಆಗುವುದಿಲ್ಲ, ಹಾಗಾಗಿ ಅದನ್ನು ಹತ್ತು ವರ್ಷ ಗಾಳಿಯಲ್ಲಿ ಅಭ್ಯಾಸ ಮಾಡಿದವನಿಗೂ ಮೊದಲ ಸಲ ಮಾಡುವವನಿಗೂ ಅಂಥ ವ್ಯತ್ಯಾಸ ಇರುವುದಿಲ್ಲ. 'ನಮ್ಮ ವಿದ್ಯೆ ಅಪಾಯದ್ದು, ಅದಕ್ಕೆ ಸೆಣಸುವುದಿಲ್ಲ' ಅಂದ ಆ ಓದುಗರಿಗೆ ನನ್ನ ಉತ್ತರ ಇದು. ಸೆಣಸದೇ ಇರುವುದರಿಂದಲೇ ನಿಮ್ಮ ವಿದ್ಯೆ ಅಪಾಯದ್ದಾಗಿ ಉಳಿದಿಲ್ಲ, ಎದುರಾಳಿಗಂತೂ ಖಂಡಿತ ಅಲ್ಲ.

ಇಂಥ ತರಗತಿಗಳನ್ನು ಗುರುತಿಸುವುದು ಸುಲಭ. ಒಬ್ಬ ಗುದ್ದುತ್ತಾನೆ. ಗುದ್ದಿದ ಕೈಯನ್ನು ವಾಪಸ್ ಎಳೆದುಕೊಳ್ಳುವುದಿಲ್ಲ, ಹಾಗೇ ಚಾಚಿ ನಿಲ್ಲುತ್ತಾನೆ. ಗುರುಗಳು ಆ ಕೈಯನ್ನು ಹಿಡಿದು, ತಿರುಚಿ, ಮೊಣಕೈಗೆ ಒಂದು, ಪಕ್ಕೆಗೆ ಒಂದು, ಕತ್ತಿಗೆ ಒಂದು ಕೊಟ್ಟು ಕೆಡವುತ್ತಾರೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಬಾಕ್ಸಿಂಗ್ ಜಿಮ್‌ಗೆ ಮೊದಲ ವಾರ ಬಂದ ಹುಡುಗ ಕೂಡ ಜಾಬ್ ಹೊಡೆದು ಕೈ ಹಿಂದೆ ಎಳೆದುಕೊಳ್ಳುತ್ತಾನೆ, ಅಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಜೂಡೋ ಬಿಟ್ಟು ಬಾಕ್ಸಿಂಗ್‌ಗೆ ಹೋದಾಗ ನನಗೆ ಮೊದಲು ತಿಳಿದಿದ್ದೇ ಇದು. ಹಾರಿಬರುವ ಮುಷ್ಟಿಯನ್ನು ಗಾಳಿಯಲ್ಲಿ ಹಿಡಿಯುವುದು ಅನ್ನುವ ಸಂಗತಿಯೇ ಇಲ್ಲ. ತಲೆ ಅಲ್ಲಾಡಿಸಬೇಕು, ಇಲ್ಲ ಕೈ ಅಡ್ಡ ಹಿಡಿಯಬೇಕು, ಇಲ್ಲ ನುಗ್ಗಿ ಅಪ್ಪಿಕೊಳ್ಳಬೇಕು. ಅಪ್ಪಿಕೊಂಡ ಮೇಲೆ ನನ್ನ ಜೂಡೋ ನೆನಪಾಗುತ್ತಿತ್ತು, ಕೋಚ್ ಬೈಯುತ್ತಿದ್ದರು.

2017ರಲ್ಲಿ ಚೀನಾದ ಶು ಶಿಯಾವ್‌ಡಾಂಗ್ ಅನ್ನುವ ಎಂಎಂಎ (ಎಲ್ಲ ಕಲೆ ಬೆರೆತ ಯುಎಫ್‌ಸಿ ಥರದ ಹೊಡೆದಾಟ) ಆಟಗಾರ, ತಾಯ್‌ಚಿ ಗುರು ಅಂತ ಹೆಸರಾಗಿದ್ದ ವೇ ಲೇ ಎಂಬುವರ ಜೊತೆ ಸೆಣಸಿದ. ಅರ್ಧ ನಿಮಿಷ ಕೂಡ ಬೇಕಾಗಲಿಲ್ಲ. ವಿಡಿಯೊ ಲೋಕವೆಲ್ಲ ಸುತ್ತಿತು. ಆಮೇಲೆ ಬಂದ ಸಮಜಾಯಿಷಿಗಳನ್ನು ಕೇಳಿದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಚೀನಾದಲ್ಲೂ ಇರಬಹುದು ಅನಿಸುತ್ತದೆ. ಹಾಗಂತ ತಾಯ್‌ಚಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ವಯಸ್ಸಾದವರಿಗೆ ಮೈಯ ತೂಕ ಸಮ ಮಾಡಿಕೊಂಡು ಬೀಳದೆ ನಡೆಯಲು ಅದರಷ್ಟು ಒಳ್ಳೆಯ ವ್ಯಾಯಾಮ ಕಮ್ಮಿ. ಆ ಕೆಲಸಕ್ಕೆ ನಾನು ಬಾಕ್ಸಿಂಗ್ ಹೇಳುವುದಿಲ್ಲ. ಆದರೆ ಅದನ್ನು ಹೊಡೆದಾಟದ ವಿದ್ಯೆ ಅಂತ ಮಾರುವವರು ಹೊಡೆದಾಡಿ ತೋರಿಸಬೇಕಾಗುತ್ತದೆ.

ಸೆಣಸಾಟ ಇದ್ದರೆ ಎಲ್ಲ ಸರಿಹೋಯಿತಾ ಅಂದರೆ ಅದೂ ಇಲ್ಲ. ಸೆಣಸಾಟಕ್ಕೆ ನಿಯಮ ಬೇಕು, ನಿಯಮ ಬಂದ ಕೂಡಲೇ ಕಲೆ ಅದರ ಆಕಾರಕ್ಕೆ ಬಾಗುತ್ತದೆ. ಈ ವಿಷಯದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ, ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ನನ್ನ ಜೂಡೋದಿಂದಲೇ ಶುರುಮಾಡುತ್ತೇನೆ. ಮೊದಲು ಎದುರಾಳಿಯ ಕಾಲಿಗೆ ಕೈ ಹಾಕಿ ಕೆಡವಬಹುದಿತ್ತು. ಅಂತಾರಾಷ್ಟ್ರೀಯ ಜೂಡೋ ಫೆಡರೇಷನ್ 2010ರಲ್ಲಿ ಇದಕ್ಕೆ ಕಡಿವಾಣ ಹಾಕಿತು, 2013ರಲ್ಲಿ ಪೂರ್ತಿ ನಿಲ್ಲಿಸಿತು. ಆಟ ಹೆಚ್ಚುಕಮ್ಮಿ ಕುಸ್ತಿಯಂತೆ ಆಗುತ್ತಿದೆ, ನೆಟ್ಟಗೆ ನಿಂತು ಒಗೆಯುವ ಚಂದ ಹೋಗುತ್ತಿದೆ ಅನ್ನುವುದು ಕಾರಣ. ನೋಡಲು ಆಟ ಚಂದವಾಯಿತು, ಒಪ್ಪುತ್ತೇನೆ. ಆದರೆ ಆ ನಿಯಮ ಬಂದ ಮೇಲೆ ಕಲಿತ ಹುಡುಗರ ಕಾಲಿಗೆ ಕುಸ್ತಿಯವನೊಬ್ಬ ಧುಮುಕಿದರೆ ಅವರಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ನಮ್ಮ ಕಾಲದ ಸಾಧಾರಣ ಆಟಗಾರನಿಗೂ ಅದು ಗೊತ್ತಿತ್ತು. ಕಲೆಯ ಹೆಸರು ಅದೇ, ಬೆಲ್ಟಿನ ಬಣ್ಣ ಅದೇ, ಒಳಗಿನ ಸರಕು ಬೇರೆ.

ಟೇಕ್ವಾಂಡೋ ನೋಡಿ. ಮುಖಕ್ಕೆ ಗುದ್ದುವ ಹಾಗಿಲ್ಲ. ಎದೆಗೆ ಗುದ್ದಿದರೆ ಒಂದೇ ಅಂಕ, ತಲೆಗೆ ಒದ್ದರೆ ಮೂರು, ತಿರುಗಿ ಒದ್ದರೆ ಇನ್ನೂ ಜಾಸ್ತಿ. ಹೀಗಿದ್ದಾಗ ಯಾರಾದರೂ ಕೈ ಮೇಲೆತ್ತಿ ಯಾಕೆ ನಿಲ್ಲುತ್ತಾರೆ? ಕೈ ಕೆಳಗೆ ಬಿಟ್ಟು ಕಾಲನ್ನು ಕತ್ತಿಯ ಹಾಗೆ ಆಡಿಸುತ್ತಾರೆ. ಆ ಕಾಲಿನ ವೇಗ ನೋಡಿದರೆ ನನಗೆ ಈಗಲೂ ಬೆರಗು. ಕ್ಯೋಕುಶಿನ್ ಕರಾಟೆಯವರು ಇದಕ್ಕೆ ಉಲ್ಟಾ. ಹತ್ತಿರ ನಿಂತು, ಗ್ಲೌಸ್ ಇಲ್ಲದೆ, ಎದೆಗೆ, ಪಕ್ಕೆಗೆ, ತೊಡೆಗೆ ಪೂರ್ತಿ ಬಲದಿಂದ ಹೊಡೆದಾಡುತ್ತಾರೆ. ಅವರಷ್ಟು ಗಟ್ಟಿ ಜನ ಕಮ್ಮಿ. ಆದರೆ ಅಲ್ಲೂ ಮುಖಕ್ಕೆ ಮುಷ್ಟಿ ಇಲ್ಲ, ಹಾಗಾಗಿ ಇಬ್ಬರ ತಲೆಯೂ ಕೈಗೆಟುಕುವ ದೂರದಲ್ಲಿ ಬಯಲಾಗಿರುತ್ತದೆ. ಇವರಲ್ಲಿ ಆಂಡಿ ಹಗ್‌ನಂಥವರು ಗ್ಲೌಸ್ ಹಾಕಿಕೊಂಡು ಕೆ-1 ಅನ್ನುವ ಕಿಕ್‌ಬಾಕ್ಸಿಂಗ್ ಕಣಕ್ಕೆ ಹೋಗಿ, ಮುಖ ಕಾಯುವುದನ್ನು ಕಲಿತು, 1996ರಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿಯನ್ನೇ ಗೆದ್ದರು. ತಳಪಾಯ ಗಟ್ಟಿ ಇದ್ದರೆ ಉಳಿದದ್ದನ್ನು ಕಲಿಯಬಹುದು.

ಬಾಕ್ಸಿಂಗ್‌ಗೆ ಬಂದರೆ ಗ್ಲೌಸ್ ಇರುವುದು ಎದುರಾಳಿಯ ಮುಖ ಉಳಿಸಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಹೆಚ್ಚಾಗಿ ಉಳಿಸುವುದು ಹೊಡೆಯುವವನ ಕೈಯನ್ನು. ತಲೆಬುರುಡೆ ಗಟ್ಟಿ, ಕೈಮೂಳೆ ಸಣ್ಣ. ಬರಿಗೈಯಲ್ಲಿ ಹಣೆಗೆ ಗುದ್ದಿದರೆ ಕಿರುಬೆರಳ ಬುಡದ ಮೂಳೆ ಮುರಿಯುವುದು ಎಷ್ಟು ಸಾಮಾನ್ಯ ಅಂದರೆ ವೈದ್ಯರು ಅದನ್ನು ಬಾಕ್ಸರ್‌ ಫ್ರ್ಯಾಕ್ಚರ್ ಅಂತಲೇ ಕರೆಯುತ್ತಾರೆ. 1867ರ ಕ್ವೀನ್ಸ್‌ಬೆರಿ ನಿಯಮಗಳ ಜೊತೆ ಗ್ಲೌಸ್ ಮತ್ತು ಮೂರು ನಿಮಿಷದ ಸುತ್ತು ಬಂದ ಮೇಲೆ ತಲೆಗೆ ಎಷ್ಟು ಬೇಕಾದರೂ ಗುದ್ದಬಹುದಾಯಿತು. ಅದರ ಬೆಲೆ ಯಾರು ತೆತ್ತರು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ನಿಯಮದ ಆಟ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಟೋಕಿಯೋ ಒಲಿಂಪಿಕ್ಸ್ ಕರಾಟೆಯ ಕೊನೆಯ ಪಂದ್ಯ ನೋಡಿ. 2021ರ ಆಗಸ್ಟ್, ಪುರುಷರ 75 ಕಿಲೋ ಮೇಲಿನ ವಿಭಾಗದ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಲ್ಲಿ ಮುಂದಿದ್ದ. ಅವನು ಇರಾನಿನ ಸಜ್ಜಾದ್ ಗಂಜ್‌ಜಾದೆಯ ಕತ್ತಿನ ಹತ್ತಿರ ಒದ್ದ, ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ, ಸ್ಟ್ರೆಚರ್‌ನಲ್ಲಿ ಎತ್ತಿಕೊಂಡು ಹೋದರು. ಚಿನ್ನ ಯಾರಿಗೆ? ಬಿದ್ದವನಿಗೆ. ಬಲ ಜಾಸ್ತಿಯಾಯಿತು ಅಂತ ಹಮೇದಿಯನ್ನು ಅನರ್ಹಗೊಳಿಸಿದರು. ಜನ ನಕ್ಕರು. ನಾನು ನಗುವುದಿಲ್ಲ. ಪೂರ್ತಿ ವೇಗದಲ್ಲಿ ಹೊಡೆದು ಚರ್ಮದ ಹತ್ತಿರ ನಿಲ್ಲಿಸುವುದೇ ಆ ಆಟದ ಕೌಶಲ, ನಿಲ್ಲಿಸಲು ಆಗದವನು ತಪ್ಪಿದ ಹಾಗೆ. ಆಟವಾಗಿ ನ್ಯಾಯ ಸರಿಯಾಗಿಯೇ ಇದೆ. ಆದರೆ ವರ್ಷಗಟ್ಟಲೆ ಹೊಡೆತ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿದ ಕೈ, ನಿಲ್ಲಿಸಬಾರದ ದಿನವೂ ನಿಲ್ಲಿಸಿಬಿಡಬಹುದು.

ಎರಡು ಬೇರೆ ಕಲೆಗಳ ದೊಡ್ಡವರನ್ನು ಒಂದೇ ಕಣಕ್ಕೆ ಬಿಟ್ಟರೆ ಗೊತ್ತಾಗುತ್ತದಲ್ವಾ ಅಂತ ಒಬ್ಬ ಓದುಗರು ಕೇಳಿದ್ದರು. 1976ರ ಜೂನ್ 26ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಹಾಗೇ ಬಿಟ್ಟರು. ಒಂದು ಕಡೆ ಮುಹಮ್ಮದ್ ಅಲಿ, ಇನ್ನೊಂದು ಕಡೆ ಜಪಾನಿನ ಕುಸ್ತಿ ತಾರೆ ಆಂಟೋನಿಯೋ ಇನೋಕಿ. 15 ಸುತ್ತು. ಅಲಿ ಮುಷ್ಟಿಗೆ ಸಿಗಬಾರದು ಅಂತ ಇನೋಕಿ ಹೆಚ್ಚಿನ ಹೊತ್ತು ಬೆನ್ನ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯುತ್ತಲೇ ಇದ್ದ. ಅಲಿ ಹೊಡೆದ ಗುದ್ದುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಡ್ರಾ ಆಯಿತು. ಜನ ಬೈದುಕೊಂಡು ಮನೆಗೆ ಹೋದರು, ಅಲಿ ಊದಿದ ಕಾಲಿಗೆ ಆಸ್ಪತ್ರೆ ಸೇರಬೇಕಾಯಿತು. ಯಾರಿಗೆ ಏನು ಗೊತ್ತಾಯಿತು? ಹಾಗೆ ನೋಡಿದರೆ ಬೇರೆ ಕಲೆಯೇ ಆಗಬೇಕಿಲ್ಲ. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಗಾಮಾ ಪೈಲ್ವಾನರ ಎದುರು ಬಂದ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ, ಎತ್ತಿ ಒಗೆಸಿಕೊಳ್ಳಬಾರದು ಅಂತ ಚಾಪೆಗೆ ಅಂಟಿಕೊಂಡೇ ಹತ್ತಿರಹತ್ತಿರ ಎರಡೂವರೆ ಗಂಟೆ ಕಳೆದ. ಇಬ್ಬರೂ ಕುಸ್ತಿಯವರೇ. ಫಲಿತಾಂಶ ಬರಲಿಲ್ಲ. ಮರುಪಂದ್ಯದ ದಿನ ಜ್ಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಕೈ ಕೂಡಿಸಿದಾಗ ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದರು. ಸೋಲದೆ ಉಳಿದರೆ ಸಾಕು ಅಂತ ನಿಯಮ ಬಿಟ್ಟುಕೊಟ್ಟರೆ ಮನುಷ್ಯ ಮಲಗಿಯಾದರೂ ಉಳಿಯುತ್ತಾನೆ.

ಇನ್ನೊಂದು ಮಾತನ್ನು ಕಲೆಯ ಅಭಿಮಾನಿಗಳು ಕೇಳಲು ಇಷ್ಟಪಡುವುದಿಲ್ಲ. ಮೈ ದೊಡ್ಡದಾದಷ್ಟೂ ಲಾಭ. ಜೂಡೋದಲ್ಲಿ ಸಣ್ಣವನು ದೊಡ್ಡವನನ್ನು ಒಗೆಯುತ್ತಾನೆ ಅಂತ ನಾವು ಹೇಳಿಕೊಳ್ಳುತ್ತಲೇ ಇರುತ್ತೇವೆ. 1964ರಲ್ಲಿ ಟೋಕಿಯೋದಲ್ಲೇ ಜೂಡೋ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ, ತೂಕದ ಮಿತಿ ಇಲ್ಲದ ಓಪನ್ ವಿಭಾಗದಲ್ಲಿ ಜಪಾನಿನ ಅಕಿಯೋ ಕಾಮಿನಾಗಾ ಅವನನ್ನು ನೆದರ್‌ಲೆಂಡ್ಸ್‌ನ ಆಂಟನ್ ಗೀಸಿಂಕ್ ನೆಲಕ್ಕೆ ಒತ್ತಿ ಹಿಡಿದು ಸೋಲಿಸಿದ. ಗೀಸಿಂಕ್ ಎತ್ತರ 1.98 ಮೀಟರ್. ಅವನಿಗೆ ತಂತ್ರ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಗೊತ್ತಿತ್ತು. ಇಬ್ಬರಿಗೂ ತಂತ್ರ ಗೊತ್ತಿದ್ದಾಗ ಕಿಲೋ ಮಾತಾಡುತ್ತದೆ. ಇವತ್ತು ಹೆಚ್ಚುಕಮ್ಮಿ ಎಲ್ಲ ಆಟದಲ್ಲೂ ತೂಕದ ವಿಭಾಗ ಇರುವುದು ಸುಮ್ನೆ ಅಲ್ಲ. 45 ಕಿಲೋದ ಹುಡುಗಿಗೆ ಮೂರು ವಾರಾಂತ್ಯದಲ್ಲಿ 90 ಕಿಲೋದವನನ್ನು ಕೆಡವುವುದು ಕಲಿಸುತ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ. ವರ್ಷಗಟ್ಟಲೆ ಕಲಿತವಳಿಗೆ ಅವಕಾಶ ಇದೆ, ಮೂರು ವಾರಾಂತ್ಯ ಕಲಿತವಳಿಗೆ ಇರುವುದು ಹುಸಿ ಧೈರ್ಯ.

ಆತ್ಮರಕ್ಷಣೆಯ ಕಾಲಂನಲ್ಲಿ ನಿಮ್ಮ ಲೇಖಕರು ಜಿಯು-ಜಿಟ್ಸುಗೆ ಪೂರ್ತಿ ಹತ್ತು ಅಂಕ ಕೊಟ್ಟು, ನೂರಕ್ಕೆ ತೊಂಬತ್ತರಷ್ಟು ಜಗಳ ನೆಲಕ್ಕೇ ಬೀಳುತ್ತವೆ ಅಂತ ಕಾರಣ ಹೇಳಿದ್ದಾರೆ. ಈ ತೊಂಬತ್ತರ ಮಾತು ಜಿಯು-ಜಿಟ್ಸು ಪ್ರಚಾರದಲ್ಲಿ ಬಾಯಿಂದ ಬಾಯಿಗೆ ಬೆಳೆದಿದ್ದು. ಅದರ ಬೇರು ಹುಡುಕಿದರೆ ಸಿಗುವುದು 1980ರ ದಶಕದ ಲಾಸ್ ಏಂಜಲೀಸ್ ಪೊಲೀಸರ ಲೆಕ್ಕ. ಪೊಲೀಸರ ಕೆಲಸವೇ ಆಸಾಮಿಯನ್ನು ಕೆಡವಿ ಕೈಕೋಳ ಹಾಕುವುದು. ನೆಲಕ್ಕೆ ಬೀಳದೆ ಇನ್ನೇನಾಗುತ್ತದೆ? ಒಬ್ಬನೇ ಎದುರಾಳಿ, ಕೈಯಲ್ಲಿ ಏನೂ ಇಲ್ಲ ಅಂದರೆ ನೆಲದ ಕುಸ್ತಿ ಬಲ್ಲವನಿಗೆ ಸಮ ಯಾರೂ ಇಲ್ಲ. ಆದರೆ ಎದುರಾಳಿಯ ಇಬ್ಬರು ಗೆಳೆಯರು ಪಕ್ಕದಲ್ಲಿ ನಿಂತಿದ್ದರೆ ನೀವು ಕೆಳಗೆ ಒಬ್ಬನ ತೋಳು ಹಿಡಿದು ಮಲಗಿರುವಾಗ ಉಳಿದಿಬ್ಬರು ನಿಮ್ಮ ತಲೆಗೆ ಒದೆಯುತ್ತಾರೆ. ಅಂಥ ಕಡೆ ಎರಡು ಗುದ್ದು ಹೊಡೆದು ಓಡಿಹೋಗುವ ಬಾಕ್ಸರ್ ವಾಸಿ. ಚಾಕು ಇದ್ದರೆ ಯಾವ ಕಲೆಯೂ ಬೇಡ. ರಬ್ಬರ್ ಚಾಕು ಹಿಡಿದು, ಬಣ್ಣ ಹಚ್ಚಿ, ನಿಜವಾಗಿ ಚುಚ್ಚಲು ನೋಡುವ ಜೊತೆಗಾರನ ಎದುರು ಒಂದು ಸಂಜೆ ಅಭ್ಯಾಸ ಮಾಡಿ. ಬಿಳಿ ಅಂಗಿಯ ಮೇಲೆ ಎಷ್ಟು ಗೆರೆ ಬಿದ್ದಿವೆ ಅಂತ ನೋಡಿದ ಮೇಲೆ ಚಾಕು ಕಸಿಯುವ ಮಾತು ಯಾರೂ ಆಡುವುದಿಲ್ಲ. ಓಡಬೇಕು. ಓಡಲು ಜಾಗ ಇಲ್ಲದಿದ್ದರೆ ಮಾತ್ರ ಉಳಿದದ್ದು.

ಪೆಟ್ಟಿನ ಬಗ್ಗೆ ಲೇಖನದಲ್ಲಿ 'ಸಣ್ಣಪುಟ್ಟ ಗಾಯಗಳಾಗಬಹುದು' ಅಂತ ಒಂದೇ ಸಾಲು ಇದೆ. ಇದು ಸಾಲದು. ಗುದ್ದಿನಿಂದ ಮಿದುಳಿಗೆ ಆಗುವ ಹಾನಿಯ ಬಗ್ಗೆ ಹ್ಯಾರಿಸನ್ ಮಾರ್ಟ್‌ಲಂಡ್ ಅನ್ನುವ ವೈದ್ಯರು 1928ರಲ್ಲೇ ಬರೆದರು. ನಾಕೌಟ್ ಆಗಲೇಬೇಕು ಅಂತಿಲ್ಲ, ವರ್ಷಗಟ್ಟಲೆ ತಲೆಗೆ ಬೀಳುವ ಸಣ್ಣ ಹೊಡೆತಗಳೂ ಲೆಕ್ಕಕ್ಕೆ ಸೇರುತ್ತವೆ. ತಲೆಗೆ ಹಾಕುವ ಗಾರ್ಡ್ ಹುಬ್ಬು ಹರಿಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಜೂಡೋದಲ್ಲಿ ಮೊಣಕಾಲು, ಭುಜ ಹೋಗುತ್ತವೆ, ಬೀಳುವುದನ್ನು ಸರಿಯಾಗಿ ಕಲಿಸದೆ ಒಗೆಸಿದರೆ ತಲೆ ಕೂಡ. ನನ್ನ ಒಂದು ಭುಜ ಮಳೆ ಬರುವ ಮುಂಚೆಯೇ ಹೇಳುತ್ತದೆ. ಜಿಯು-ಜಿಟ್ಸುದಲ್ಲಿ ತಲೆಗೆ ಪೆಟ್ಟು ಕಮ್ಮಿ, ಆದರೆ ಕೈ ತಟ್ಟಲು ನಾಚಿಕೆ ಪಡುವವನ ಮೊಣಕೈ ಹೋಗುತ್ತದೆ. ಹತ್ತು ವರ್ಷದ ಮಗುವಿಗೆ ತಲೆಗೆ ಗುದ್ದಿಸಿಕೊಳ್ಳುವ ಆಟ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೂಡೋ, ಕುಸ್ತಿ, ಜಿಯು-ಜಿಟ್ಸು ಯಾವುದಾದರೂ ಆದೀತು. ಮಕ್ಕಳು ಹೇಗೂ ನೆಲದಲ್ಲಿ ಹೊರಳಾಡುವವರೇ.

ನಮ್ಮದು ಶುದ್ಧ, ಅವರದು ಬೆರಕೆ ಅನ್ನುವ ಜಂಬಕ್ಕೂ ಬುಡ ಇಲ್ಲ. ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೋ ಮಾಯೆಡಾ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಕಲಿಸಿದ್ದರಿಂದ ಗ್ರೇಸಿಗಳ ಜಿಯು-ಜಿಟ್ಸು ಹುಟ್ಟಿತು. ಅದೇ ಕೊಡೊಕಾನ್‌ನಲ್ಲಿ ಕಲಿತ ವಾಸಿಲಿ ಓಶೆಪ್ಕೋವ್ ರಷ್ಯಾಕ್ಕೆ ಹೋಗಿ ಅಲ್ಲಿನ ಸಾಂಬೋ ಕುಸ್ತಿಗೆ ಅಡಿಪಾಯ ಹಾಕಿದ. ಕರಾಟೆ ಜಪಾನಿನ ಓಕಿನಾವಾ ದ್ವೀಪದ ಹೊಡೆದಾಟದ ವಿದ್ಯೆಗೆ ಚೀನಾದ ವಿದ್ಯೆ ಸೇರಿ ಬೆಳೆದಿದ್ದು, ಟೇಕ್ವಾಂಡೋಗೆ ಕರಾಟೆಯ ಸಾಲ ಇದೆ. 1951ರಲ್ಲಿ ರಿಯೋದಲ್ಲಿ ಜೂಡೋದ ಮಸಾಹಿಕೋ ಕಿಮುರಾ, ಎಲಿಯೋ ಗ್ರೇಸಿಯ ತೋಳು ತಿರುಚಿ ಮುರಿದ. ಎಲಿಯೋ ಸೋಲೊಪ್ಪಲಿಲ್ಲ, ಅಣ್ಣ ಒಳಗೆ ಬಂದು ನಿಲ್ಲಿಸಬೇಕಾಯಿತು. ಗ್ರೇಸಿಗಳು ಸಿಟ್ಟು ಮಾಡಿಕೊಂಡು ಕೂರಲಿಲ್ಲ. ಆ ಪಟ್ಟಿಗೆ ಕಿಮುರಾ ಅಂತಲೇ ಹೆಸರಿಟ್ಟು ಇವತ್ತಿಗೂ ಕಲಿಸುತ್ತಾರೆ. ನಮ್ಮ ಪತ್ರಲೇಖಕರಲ್ಲಿ ಇಷ್ಟು ಸೌಜನ್ಯ ಇದ್ದರೆ ನಿಮ್ಮ ಅಂಕಣದ ಅರ್ಧ ಜಗಳ ಕಮ್ಮಿಯಾಗುತ್ತಿತ್ತು.

ಇಷ್ಟೆಲ್ಲ ಹೇಳಿ ನೀವೇ ಒಂದು ಹೆಸರು ಹೇಳಿ ಅಂದರೆ ತಪ್ಪಿಸಿಕೊಳ್ಳುವುದಿಲ್ಲ. ಮೊದಲು ಕುಸ್ತಿ ಇಲ್ಲವೇ ಜೂಡೋ. ಯಾಕೆಂದರೆ ನಿಂತು ಆಡಬೇಕೋ ಬಿದ್ದು ಆಡಬೇಕೋ ಅನ್ನುವುದನ್ನು ಕೆಡವಲು ಬಲ್ಲವನೇ ತೀರ್ಮಾನಿಸುತ್ತಾನೆ. ಅದರ ಮೇಲೆ ಸ್ವಲ್ಪ ಬಾಕ್ಸಿಂಗ್ ಅಥವಾ ಥಾಯ್ಲೆಂಡಿನ ಕಿಕ್‌ಬಾಕ್ಸಿಂಗ್ ಆದ ಮುವಾಯ್ ಥಾಯ್, ಮುಖಕ್ಕೆ ಮುಷ್ಟಿ ಬರುವಾಗ ಕಣ್ಣು ಮುಚ್ಚದೆ ಇರುವಷ್ಟಾದರೂ. ಆದರೆ ನಿಮಗೆ ಹತ್ತಿರದಲ್ಲಿ ಇರುವುದು ಚೆನ್ನಾಗಿ ಸೆಣಸುವ ಕರಾಟೆ ತರಗತಿ ಮತ್ತು ಸುಮ್ನೆ ಚಾಪೆ ಮೇಲೆ ಹೊರಳಾಡಿಸಿ ಬೆಲ್ಟ್ ಹಂಚುವ ಜೂಡೋ ತರಗತಿ ಅಂತಾದರೆ ಕಣ್ಣು ಮುಚ್ಚಿ ಕರಾಟೆಗೆ ಹೋಗಿ. ಜೂಡೋದವನಾಗಿ ಹೇಳುತ್ತಿದ್ದೇನೆ.

ಸೇರುವ ಮುಂಚೆ ಒಂದು ಪೂರ್ತಿ ತರಗತಿ ಕೂತು ನೋಡಿ. ನೋಡಲು ಬಿಡದಿದ್ದರೆ ಎದ್ದು ಬನ್ನಿ. ಹಳೆಯ ಶಿಷ್ಯರು ಬೆವರಿದ್ದಾರಾ, ಹೊಸಬರ ಜೊತೆ ಹೇಗೆ ಆಡುತ್ತಾರೆ, ಯಾರಿಗಾದರೂ ನೋವಾದರೆ ಆಟ ನಿಲ್ಲುತ್ತದಾ, ಗುರುಗಳು ತಾವೂ ಶಿಷ್ಯರ ಜೊತೆ ಸೆಣಸುತ್ತಾರಾ ಅಥವಾ ದೂರ ನಿಂತು ಆಜ್ಞೆ ಮಾತ್ರ ಕೊಡುತ್ತಾರಾ, ಇದೆಲ್ಲ ಒಂದೇ ಸಂಜೆಯಲ್ಲಿ ಕಾಣುತ್ತದೆ. ಅವರ ಶಿಷ್ಯರು ಬೇರೆ ಕ್ಲಬ್‌ನವರ ಜೊತೆ ಆಡಲು ಹೋಗುತ್ತಾರಾ ಅಂತ ಕೇಳಿ. 'ಬೇರೆಯವರ ಜೊತೆ ಆಡಿದರೆ ನಮ್ಮ ಶೈಲಿ ಕೆಡುತ್ತದೆ' ಅಂದರೆ ಕೆಡುವಂಥದ್ದೇ ಇದೆ ಅಂತ ತಿಳಿದುಕೊಳ್ಳಿ. ಇಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅನ್ನುವವರ ಬಗ್ಗೆ ನಾನು ಬರೆಯಲು ಹೋದರೆ ನೀವು ಅಚ್ಚು ಹಾಕುವುದಿಲ್ಲ.

ಕೊನೆಗೊಂದು ಕೋರಿಕೆ. ಮುಂದಿನ ಸಲ ಇಂಥ ಹೋಲಿಕೆ ಮಾಡುವಾಗ ನಿಮ್ಮ ಲೇಖಕರು ಅಂಕ ಹಾಕುವ ಮುಂಚೆ ಒಂದೊಂದು ಕಲೆಯ ಎರಡು ಮೂರು ತರಗತಿಗೆ ಹೋಗಿ, ಬಟ್ಟೆ ಬದಲಿಸಿಕೊಂಡು ಒಂದು ಸುತ್ತು ಸೆಣಸಿ ಬರಲಿ. ಆಮೇಲೆ ಅವರ ಕೋಷ್ಟಕ ಹೇಗಿರುತ್ತದೆ ಅಂತ ಓದುವ ಕುತೂಹಲ ನನಗಿದೆ. ಅಂಕ ಕಮ್ಮಿ ಕೊಟ್ಟ ಕಲೆಯ ತರಗತಿಗೆ ಮೊದಲು ಹೋಗಲಿ, ಅಲ್ಲಿನವರು ಕಾಯುತ್ತಿದ್ದಾರೆ.

ಇಂತಿ,
ನಿಮ್ಮ ಓದುಗ